ಜಗಜೋಳದ ಏಳನೇ ತಳಿ

ಕಸ್ತೂರಿ ಸೈಕಲ್ ಇಳಿದು ರಸ್ತೆ ಪಕ್ಕದ ಮೋರಿಕಟ್ಟೆಯ ಮೇಲೆ ಕೂತುಬಿಟ್ಟಿದ್ದಾಳೆ ಎಂದು ಕೋಚ್ ಫೋನು ಮಾಡಿದಾಗ ಬೆಳಿಗ್ಗೆ ಹತ್ತರ ಸುಮಾರು. ಮಹಾನಂದಾ ಬಿರಾದಾರ ತನ್ನ ಕಚೇರಿಯ ಪರದೆಯಲ್ಲಿ ಇಥಿಯೋಪಿಯಾದ ಬೆಳಗಿನ ತಿಂಡಿಯನ್ನು ನೋಡುತ್ತ ಕೂತಿದ್ದಳು.

“ಬಿದ್ದಾಳೇನ್ರಿ ಸರ್?” ಎಂದಳು ಗಾಬರಿಯಿಂದ.

“ಬಿದ್ದಿಲ್ರಿ ಮೇಡಂ. ಬಿದ್ದಿದ್ರ ಎದ್ದು ಬರ್ತಿದ್ಲು, ಅಕಿ ಸ್ವಭಾವ ನನಗ ಗೊತ್ತೈತಿ. ಈಗ ಸುಮ್ನ ಕುಂತಾಳ. ಸಾಕಾತು ಸರ್, ಕಾಲಾಗ ಶಕ್ತಿನ ಇಲ್ಲ ಅಂತಾಳ.”

ವಿಜಯಪುರ ಅಂದರೆ ಸೈಕಲ್ಲಿನ ಊರು. ಓಣಿಗೊಬ್ಬರಾದರೂ ಪಂದ್ಯಕ್ಕೆ ಹೋಗಿಬಂದವರು ಸಿಗುತ್ತಾರೆ. ಮಹಾನಂದಾಳ ಮಗಳು ಕಸ್ತೂರಿ ಹೋದ ವರ್ಷ ರಾಜ್ಯಕ್ಕೇ ಎರಡನೆಯವಳಾಗಿ ಬಂದವಳು. ಹತ್ತೊಂಬತ್ತು ವರ್ಷ, ಎಮ್ಮೆಯಂಥ ಗಟ್ಟಿ ಹುಡುಗಿ ಎಂದು ಅಜ್ಜಿಯೇ ಹೊಗಳುತ್ತಿದ್ದಳು. ಆದರೆ ಈಚಿನ ಆರು ತಿಂಗಳಲ್ಲಿ ಅವಳ ವೇಗ ಇಳಿಯುತ್ತಲೇ ಬಂದಿತ್ತು. ಬಾಚಣಿಗೆಯ ತುಂಬ ಕೂದಲು. ಬಾಯಿಯ ಸುತ್ತ ಕೆಂಪಗೆ ಸಿಪ್ಪೆಯೇಳುವ ಕಲೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣ ಸರಿಯಾಗಿದೆ, ಥೈರಾಯ್ಡ್ ಸರಿಯಾಗಿದೆ, ವಯಸ್ಸಿನ ಹುಡುಗಿ, ಪಂದ್ಯದ ಒತ್ತಡ ಬೇರೆ, ಚೆನ್ನಾಗಿ ತಿನ್ನಿಸಿ ಎಂದಿದ್ದರು.

ಮಹಾನಂದಾ ಚೆನ್ನಾಗಿಯೇ ತಿನ್ನಿಸಿದಳು. ಹೊತ್ತಿಗೆ ಎರಡು ರೊಟ್ಟಿ ತಿನ್ನುವ ಮಗಳ ತಾಟಿಗೆ ನಾಲ್ಕು ಬಿದ್ದವು. ಮೇಲೆ ಬೆಣ್ಣೆ, ಶೇಂಗಾ ಹಿಂಡಿ, ಬದನೇಕಾಯಿ ಪಲ್ಯ. “ಸಾಕು ಬೇ ಅವ್ವ” ಎಂದರೂ ಬಿಡದೆ ಎದುರಿಗೆ ಕೂತು ತಿನ್ನಿಸುತ್ತಿದ್ದಳು.

ಆ ರೊಟ್ಟಿ ಜಗಜೋಳದ್ದು. ಹನ್ನೆರಡು ವರ್ಷದ ಹಿಂದೆ ಗೋಧಿ ಮತ್ತು ಭತ್ತದ ಮೇಲೆ ಒಂದೇ ಹೊತ್ತಿಗೆ ಬೂದಿರೋಗ ಬಿದ್ದು, ಮೂರು ಬೆಳೆ ಕೈಕೊಟ್ಟ ಮೇಲೆ ಹುಟ್ಟಿಬಂದ ಧಾನ್ಯ ಅದು. ಕಾಗದದ ಮೇಲೆ ಅದರ ಹೆಸರು ವಿಶ್ವಧಾನ್ಯ. ಹಿಮ ಬೀಳುವ ಕಡೆಯೂ ಬೆಳೆಯುತ್ತದೆ, ಬಿಸಿಲಿಗೆ ಎರೆಭೂಮಿ ಬಿರಿಯುವ ಕಡೆಯೂ ಬೆಳೆಯುತ್ತದೆ. ತೆನೆ ನೋಡಿದರೆ ಜೋಳವನ್ನೇ ಹೋಲುತ್ತಿದ್ದುದರಿಂದ ಈ ಕಡೆಯ ಜನ ಅದನ್ನು ಜಗಜೋಳ ಎಂದು ಕರೆದು ಒಳಗೆ ಕರೆದುಕೊಂಡರು. ಅರ್ಧ ಜಗತ್ತಿನ ಊಟ ಈಗ ಅದರ ಮೇಲೆಯೇ ನಿಂತಿತ್ತು. ಒಂದಾದ ಮೇಲೊಂದು ತಳಿ ಬಂದು, ಹದಿನಾರು ತಿಂಗಳ ಹಿಂದೆ ಏಳನೆಯದು ಬಂತು. ಅದಕ್ಕೆ ನುಸಿ ಹತ್ತುವುದಿಲ್ಲ. ಕಾಳು ತನ್ನೊಳಗೇ ಒಂದು ಕಾವಲು ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಹುಳ ತಿಂದರೆ ಆ ಪ್ರೋಟೀನು ಹುಳದ ಹೊಟ್ಟೆಯಲ್ಲಿರುವ ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದು ಬಿಡುವುದೇ ಇಲ್ಲ; ಹುಳ ಸೊರಗಿ ಸಾಯುತ್ತದೆ. ಬೇಯಿಸಿದರೆ ಪ್ರೋಟೀನು ಕರಗಿಹೋಗುತ್ತದೆ, ಮನುಷ್ಯರಿಗೆ ಏನೂ ಆಗದು ಎಂದು ಪರೀಕ್ಷೆ ಹೇಳಿತ್ತು.

ಧಾನ್ಯ ಒಂದೇ ಆದರೂ ಅಡುಗೆ ಒಂದೇ ಅಲ್ಲವಲ್ಲ. ಯಾವ ನಾಡಿನಲ್ಲಿ ಅದನ್ನು ಹೇಗೆ ತಿನ್ನುತ್ತಿದ್ದಾರೆ ಎಂದು ತಿಳಿಯಲು ಜಾಗತಿಕ ಧಾನ್ಯ ಮಂಡಳಿ ಒಂಬತ್ತು ಕೇಂದ್ರಗಳನ್ನು ತೆರೆದಿತ್ತು. ಅದರಲ್ಲೊಂದು ವಿಜಯಪುರದ್ದು. ಒಪ್ಪಿಕೊಂಡ ಮನೆಗಳಲ್ಲಿ ಒಲೆಯ ಮೇಲ್ಗಡೆ ನಾಣ್ಯದಷ್ಟು ದೊಡ್ಡ ಮೂಗುಬಿಲ್ಲೆಯೊಂದನ್ನು ಅಂಟಿಸುತ್ತಿದ್ದರು. ಅದು ಹಬೆಯನ್ನು ಮೂಸಿ ಎಷ್ಟು ಬಿಸಿ, ಎಷ್ಟು ಹೊತ್ತು, ಹುಳಿ ಎಷ್ಟು, ತೇವ ಎಷ್ಟು ಎಂದು ವರದಿ ಕಳಿಸುತ್ತಿತ್ತು. ಅದನ್ನೆಲ್ಲ ನಕ್ಷೆ ಮಾಡುವುದು ಮಹಾನಂದಾಳ ಕೆಲಸ. ಬೆಳಗಾದಂತೆ ನಕ್ಷೆಯ ಮೇಲೆ ಒಂದೊಂದೇ ನಾಡು ಒಲೆ ಹಚ್ಚುವುದನ್ನು ನೋಡುವುದು ಅವಳಿಗೆ ಹತ್ತು ವರ್ಷದ ನೌಕರಿಯಲ್ಲಿ ಬೇಸರ ತರದ ಒಂದೇ ಸಂಗತಿ.

ಆ ದಿನ ಮಗಳನ್ನು ಮನೆಗೆ ಮುಟ್ಟಿಸಿ, ಮಲಗಿಸಿ, ಮಧ್ಯಾಹ್ನ ಅವಳು ಮತ್ತೆ ಕಚೇರಿಗೆ ಬಂದಳು. ಕುರ್ಚಿಯಲ್ಲಿ ಕೂತವಳು ಅಡುಗೆಯ ನಕ್ಷೆ ಬಿಟ್ಟು, ಆರೋಗ್ಯ ಇಲಾಖೆಗಳು ವಾರಕ್ಕೊಮ್ಮೆ ಕಳಿಸುವ ನಕ್ಷೆಯನ್ನು ತೆರೆದಳು. ದಣಿವು, ಕೂದಲುದುರುವುದು, ಬಾಯಿಯ ಸುತ್ತ ಕಲೆ. ಮೂರನ್ನೂ ಒಟ್ಟಿಗೆ ಕೇಳಿದಾಗ ಪರದೆಯ ಮೇಲೆ ಎರಡು ಕಲೆಗಳು ಮೂಡಿದವು. ಒಂದು ವಿಜಯಪುರದಿಂದ ಸೊಲ್ಲಾಪುರದ ಆಚೆಗೂ ಹರಡಿತ್ತು. ಇನ್ನೊಂದು ನಾರ್ವೆ ದೇಶದ ಬೆಟ್ಟಗಳ ನಡುವಿನ ಒಂದು ಕಣಿವೆ. ಅಷ್ಟೇ.

ಕೇಂದ್ರದ ನಿರ್ದೇಶಕ ಡಾಕ್ಟರ್ ಮಿರ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಕಾಕತಾಳೀಯ, ಮಹಾನಂದಾ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಮಣ್ಣು ಬೇರೆ, ನೀರು ಬೇರೆ, ಜನಾನೇ ಬೇರೆ. ಧಾನ್ಯದ ದೋಷ ಆಗಿದ್ರೆ ಇಡೀ ಜಗತ್ತು ಮಲಗಬೇಕಿತ್ತು.”

ಮಾತು ಸರಿಯೇ ಇತ್ತು. ಆದರೂ ಅವಳು ನಾರ್ವೆಯ ಕೇಂದ್ರಕ್ಕೆ ಕರೆ ಮಾಡಿದಳು. ಅಲ್ಲಿ ತನ್ನ ಹಾಗೆಯೇ ನಕ್ಷೆ ನೋಡುವ ಸುನ್ನಿವಾ ಎಂಬ ಹೆಂಗಸು ಸಿಕ್ಕಳು. ಅವತ್ತು ರಜೆಯಲ್ಲಿದ್ದ ಸುನ್ನಿವಾ ತನ್ನ ಅಡುಗೆಮನೆಯಿಂದಲೇ ಮಾತಾಡಿದಳು. ನಡುವೆ ಅನುವಾದದ ಯಂತ್ರ. ಅದು ಕಲಿತ ಕನ್ನಡ ವಾರ್ತೆ ಓದುವವರದ್ದು.

“ನನ್ನ ಕೂದಲು ಕೂಡ ಉದುರುತ್ತಿದೆ ಎಂದು ತಿಳಿಸಲು ವಿಷಾದಿಸುತ್ತೇನೆ” ಎಂದಿತು ಯಂತ್ರ, ಸುನ್ನಿವಾಳ ಪರವಾಗಿ. ಮಹಾನಂದಾಳಿಗೆ ನಗು ಬಂತು. ಆ ಕಡೆ ಸುನ್ನಿವಾ ಫೋನನ್ನು ಗೋಡೆಗೆ ಒರಗಿಸಿ ತನ್ನ ಕೆಲಸ ಮುಂದುವರಿಸಿದ್ದಳು. ಅಗಲವಾದ ಕಬ್ಬಿಣದ ಹಂಚು. ಅದರ ಮೇಲೆ ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಒಂದು ದುಂಡನೆಯ ವಸ್ತು. ಮರದ ಕೋಲಿನಿಂದ ಅದನ್ನು ತಿರುವಿ ಹಾಕಿದಳು.

“ಅದೇನದು?” ಎಂದಳು ಮಹಾನಂದಾ.

“ನಮ್ಮ ಕಣಿವೆಯ ಚಪ್ಪಟೆ ರೊಟ್ಟಿ. ಒಣಗಿಸಿ ತಿಂಗಳುಗಟ್ಟಲೆ ಇಡುತ್ತೇವೆ.”

“ಎಷ್ಟು ಹೊತ್ತು ಬೇಯಿಸ್ತೀರಿ?”

“ಒಂದು ಬದಿಗೆ ಒಂದು ನಿಮಿಷ. ಹೆಚ್ಚೆಂದರೆ.”

ಮಹಾನಂದಾ ಫೋನಿಟ್ಟು ಮಂಡಳಿಯ ಹಳೆಯ ಪರೀಕ್ಷಾ ವರದಿಯನ್ನು ತೆಗೆದಳು. ಏಳನೇ ತಳಿಯನ್ನು ಪರೀಕ್ಷಿಸಿದ್ದು ಒಂದೇ ವಿಧದಲ್ಲಿ: ಹಿಟ್ಟನ್ನು ನೀರಿನಲ್ಲಿ ನಲವತ್ತು ನಿಮಿಷ ಕುದಿಸಿದ ಗಂಜಿ. ಗಂಜಿಯಲ್ಲಿ ಕಾವಲು ಪ್ರೋಟೀನು ಉಳಿದಿರಲಿಲ್ಲ. ಎರಡು ನಿಮಿಷದ ಒಣ ಹಂಚಿನ ಮೇಲೆ ಅದು ಏನಾಗುತ್ತದೆ ಎಂದು ಯಾರೂ ಕೇಳಿಯೇ ಇರಲಿಲ್ಲ. ಅದು ಉಳಿದರೆ ಮನುಷ್ಯರಿಗೂ ಬಯೋಟಿನ್ ದಕ್ಕದು; ದಣಿವು, ಕೂದಲುದುರುವುದು, ಬಾಯಿಯ ಸುತ್ತ ಕಲೆ ಆ ಕೊರತೆಯ ಲಕ್ಷಣಗಳೇ.

ಕಾರಣ ಸಿಕ್ಕಿತೆಂದು ಅವಳು ಹಿಗ್ಗಿದಳು. ಆದರೆ ನಕ್ಷೆಯನ್ನು ಮತ್ತೊಮ್ಮೆ ನೋಡಿದಾಗ ಆ ಉತ್ಸಾಹ ಇಳಿದುಹೋಯಿತು. ಮೆಕ್ಸಿಕೋದಲ್ಲೂ ಕಾದ ಹಂಚಿನ ಮೇಲೆ ಎರಡೇ ನಿಮಿಷ ಸುಡುವ ರೊಟ್ಟಿ. ಅಲ್ಲಿ ಯಾರೂ ದಣಿದಿರಲಿಲ್ಲ. ಇಥಿಯೋಪಿಯಾದಲ್ಲಿ ದೋಸೆಯಂತೆ ಹುಯ್ದು ಬೇಯಿಸುವುದೂ ನಾಲ್ಕೇ ನಿಮಿಷ. ಅಲ್ಲೂ ಎಲ್ಲರೂ ಗಟ್ಟಿಮುಟ್ಟು. ಬೇಯಿಸುವ ಹೊತ್ತೇ ಕಾರಣವಾಗಿದ್ದರೆ ಅವರೂ ಮಲಗಬೇಕಿತ್ತು.

ಉತ್ತರ ಸಿಕ್ಕಿದ್ದು ಮನೆಯಲ್ಲಿ, ಮರುದಿನ ಬೆಳಿಗ್ಗೆ. ಮಹಾನಂದಾಳ ಅತ್ತೆ ಗೌರವ್ವನಿಗೆ ಎಂಬತ್ತೆರಡು. ಬಾಯಲ್ಲಿ ಹಲ್ಲಿಲ್ಲ, ಕಟ್ಟಿಸಿಕೊಳ್ಳುವುದಕ್ಕೆ ಮನಸ್ಸೂ ಇಲ್ಲ. ಅವತ್ತು ಮಹಾನಂದಾ ಎದ್ದು ಬರುವಷ್ಟರಲ್ಲಿ ಅವಳು ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ತಲೆಯ ಗಂಟು ಬಿಚ್ಚಿ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಬೆಳ್ಳಗಿನ ದಟ್ಟ ಕೂದಲು. ಮಹಾನಂದಾ ಹಾಗೇ ನಿಂತು ನೋಡಿದಳು. ತನ್ನ ಜಡೆ ಇಲಿಬಾಲದಷ್ಟಾಗಿದೆ. ಗಂಡ ಶ್ರೀಶೈಲ ಹಿಟ್ಟಿನ ಗಿರಣಿಯಲ್ಲಿ ಕೂತಲ್ಲೇ ತೂಕಡಿಸುತ್ತಾನೆ. ಮಗಳು ಹಾಸಿಗೆ ಬಿಟ್ಟು ಏಳುತ್ತಿಲ್ಲ. ಒಂದೇ ಮನೆ, ಒಂದೇ ನೀರು, ಒಂದೇ ಚೀಲದ ಹಿಟ್ಟು.

“ಅತ್ತಿ, ನೀವು ರೊಟ್ಟಿ ತಿನ್ನೂದು ಬಿಟ್ಟು ಎಷ್ಟ ದಿನಾ ಆತು?”

“ಯಾಡ್ ವರ್ಷ ಆತಲ್ಲವಾ. ಹಲ್ಲ ಎಲ್ಲ್ಯದಾವ ತಿನ್ನಾಕ? ನಂದೇನಿದ್ರೂ ಅಂಬಲಿ.”

“ಹಿಟ್ಟು ಬ್ಯಾರೆ ತರಸ್ತೀರೇನು?”

“ಯಾಕ ತರಸ್ಲಿ? ಅದ ಹಿಟ್ಟು. ಮಜ್ಜಿಗಿ ಹಾಕಿ ಕಲಸಿ ಗಡಿಗ್ಯಾಗ ಇಡ್ತೀನಿ. ಮರುದಿನಕ್ಕ ಹುಳಿ ಬಂದಿರತೈತಿ, ಒಂದ್ ಕುದಿ ಕುದಿಸಿ ಕುಡೀತೀನಿ. ಯಾಕ, ನಿಂಗೂ ಬೇಕೇನು?”

ಹುಳಿ! ಇಥಿಯೋಪಿಯಾದವರು ಹಿಟ್ಟನ್ನು ಮೂರು ದಿನ ಹುಳಿಗೆ ಬಿಡುತ್ತಾರೆ. ಮೂಗುಬಿಲ್ಲೆಗಳು ಅದನ್ನು ದಿನವೂ ಹೇಳುತ್ತಲೇ ಇದ್ದವು. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಬೀಸುತ್ತಾರೆ. ತಲೆತಲಾಂತರದಿಂದ ಮೆಕ್ಕೆಜೋಳಕ್ಕೆ ಮಾಡಿಕೊಂಡು ಬಂದದ್ದನ್ನೇ ಹೊಸ ಧಾನ್ಯಕ್ಕೂ ಮಾಡಿದ್ದರು. ಹುಳಿಯಾಗಲಿ ಸುಣ್ಣವಾಗಲಿ ಕಾವಲು ಪ್ರೋಟೀನಿನ ಮಡಿಕೆಯನ್ನು ಬಿಚ್ಚಿ ಅದರ ಹಿಡಿತ ತಪ್ಪಿಸಬಹುದು. ರೊಟ್ಟಿ ಮಾತ್ರ ಬರೀ ಬಿಸಿನೀರು, ಎರಡು ನಿಮಿಷದ ಬೆಂಕಿ.

ಪ್ರಯೋಗಾಲಯದಲ್ಲಿ ಗಾಜಿನ ಹೊಟ್ಟೆ ಎಂದು ಕರೆಯುವ ಒಂದು ಸಾಧನವಿತ್ತು. ಜಠರ, ಕರುಳು ಎಂದು ಒಂದಕ್ಕೊಂದು ಜೋಡಿಸಿದ ಕೊಳವೆಗಳು, ಒಳಗೆ ಮೈಯ ಬಿಸಿಯಲ್ಲಿಟ್ಟ ಜೀರ್ಣರಸಗಳು. ಮಹಾನಂದಾ ಅದಕ್ಕೆ ಅತ್ತೆಯ ಅಂಬಲಿ ಹಾಕಿದಳು, ಮಾದರಿಗೆಂದು ಮೆಕ್ಸಿಕೋದಿಂದ ಬಂದಿದ್ದ ಸುಣ್ಣದಲ್ಲಿ ನೆನೆಸಿದ ಕಾಳಿನ ರೊಟ್ಟಿ ಹಾಕಿದಳು, ಕೊನೆಗೆ ತಾನು ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಹಾಕಿದಳು. ಅಂಬಲಿಯಲ್ಲಿ ನೂರಕ್ಕೆ ಎಂಬತ್ತೆಂಟು ಪಾಲು ಜೀವಸತ್ವ ಆಚೆ ಹರಿದುಬಂತು. ಸುಣ್ಣದ್ದರಲ್ಲಿ ಎಂಬತ್ತನಾಲ್ಕು. ಅವಳ ರೊಟ್ಟಿಯಲ್ಲಿ ಆರು. ಅಷ್ಟೇ ಅಲ್ಲ, ರೊಟ್ಟಿಯ ಜೊತೆ ಶೇಂಗಾ ಹಿಂಡಿ ಹಾಕಿದರೆ ಆ ಹಿಂಡಿಯಲ್ಲಿದ್ದದ್ದನ್ನೂ ರೊಟ್ಟಿಯೇ ಕಚ್ಚಿ ಹಿಡಿದುಕೊಂಡಿತು.

ಅವಳು ಆ ಆರು ಎಂಬ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಎರಡರ ಜಾಗದಲ್ಲಿ ನಾಲ್ಕು ರೊಟ್ಟಿ. ಸಾಕು ಅಂದರೂ ಬಿಡದೆ.

ಸಂಜೆ ಮನೆಗೆ ಹೋಗಿ ಮಗಳ ಹಾಸಿಗೆಯ ಅಂಚಿಗೆ ಕೂತು ಎಲ್ಲ ಹೇಳಿದಳು. “ನಾನ ನಿನಗ ತಿನಿಸಿ ತಿನಿಸಿ ಹಿಂಗ ಮಾಡಿದೆ, ಕಸ್ತೂರಿ.”

ಕಸ್ತೂರಿ ಗೋಡೆಯ ಕಡೆ ಮುಖ ಮಾಡಿದ್ದಳು. ಈ ಕಡೆ ತಿರುಗಿದಳು. “ನನಗ ಹುಚ್ಚ ಹಿಡದೈತಿ, ಮೈಗಳ್ಳಿ ಆಗೇನಿ ಅನ್ಕೊಂಡಿದ್ದೆ ಬೇ. ಎಲ್ಲಾರೂ ಹಂಗ ಅಂತಿದ್ರು. ಈ ವರ್ಷದ ಪಂದ್ಯಾ ಹೋತಲ್ಲ?”

“ಹೋತು.”

“ಮುಂದಿನ ವರ್ಷ?”

“ಅದಕ್ಕ ಏನೂ ಅಡ್ಡಿಯಿಲ್ಲ. ನಾಳಿನಿಂದ ಬಯೋಟಿನ್ ಗುಳಿಗಿ ತಗೊ, ರೊಟ್ಟಿ ಬಿಡು.”

“ರೊಟ್ಟಿ ಬಿಟ್ಟು ಏನ್ ತಿನ್ಲಿ?” ಎಂದಳು ಕಸ್ತೂರಿ, ನಿಜವಾಗಿಯೂ ಅರ್ಥವಾಗದವಳ ಹಾಗೆ.

ಮಂಡಳಿಯ ಸಭೆಯಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ಪರದೆಯ ಮೇಲೆ ಒಂಬತ್ತು ಕೇಂದ್ರಗಳ ಮುಖಗಳು. ಲೆಕ್ಕವನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಏಳನೇ ತಳಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಈ ವರ್ಷ ಊಟಕ್ಕೆ ಬೇರೆ ಧಾನ್ಯವೇ ಇರಲಿಲ್ಲ. ಹಳೆಯ ತಳಿಯ ಬೀಜ ಬೆಳೆಸಲು ಎರಡು ಹಂಗಾಮು ಬೇಕು. ಹಾಗಾಗಿ ಒಂದು ಸುಲಭದ ದಾರಿ ಹೊಳೆಯಿತು. ಜಗತ್ತಿಗೆಲ್ಲ ಒಂದೇ ಆದೇಶ: ಹಿಟ್ಟನ್ನು ನಲವತ್ತು ನಿಮಿಷ ಕುದಿಸಿ ಗಂಜಿ ಮಾಡಿ ಉಣ್ಣಿರಿ.

ಮಿರ್ಜಿಯವರು ಒಪ್ಪಿ ತಲೆಯಾಡಿಸಿದರು. ಮಹಾನಂದಾ ಅವರ ಕಡೆ ಬಾಗಿ ಮೆಲ್ಲಗೆ ಹೇಳಿದಳು: “ಸರ್, ಜನ ಒಂದು ವಾರ ಗಂಜಿ ಕುಡೀತಾರ. ಎಂಟನೇ ದಿನ ಬಾಗಿಲು ಮುಚ್ಕೊಂಡು ರೊಟ್ಟಿ ಬಡೀತಾರ. ಆಗ ನಮಗ ಗೊತ್ತೂ ಆಗೂದಿಲ್ಲ, ಮೂಗುಬಿಲ್ಲಿ ಕಿತ್ತು ಒಗದಿರ್ತಾರ.”

“ಆರೋಗ್ಯದ ಪ್ರಶ್ನೆ, ಮಹಾನಂದಾ. ಕೇಳ್ತಾರೆ.”

“ನೀವು ಮೂರೂ ಹೊತ್ತು ಗಂಜಿ ಕುಡೀತೀರೇನ್ರಿ ಸರ್?”

ಮಿರ್ಜಿಯವರ ಊಟದ ಡಬ್ಬಿಯಲ್ಲಿ ಮೂವತ್ತು ವರ್ಷದಿಂದ ರೊಟ್ಟಿಯೇ ಬರುತ್ತಿತ್ತು. ಅವರು ಮೈಕು ಒತ್ತಿ, “ಬೇರೆ ದಾರಿ ಹುಡುಕಲು ವಿಜಯಪುರ ಮತ್ತು ನಾರ್ವೆಗೆ ಹತ್ತು ದಿನ ಬೇಕು. ಅಲ್ಲಿಯವರೆಗೆ ಗುಳಿಗೆ ಹಂಚೋಣ” ಎಂದರು.

ಆ ಹತ್ತು ದಿನ ಬಿರಾದಾರರ ಅಡುಗೆಮನೆಯೇ ಪ್ರಯೋಗಾಲಯವಾಯಿತು. ಮೊದಲು ಹುಳಿಹಿಟ್ಟು. ಗೌರವ್ವ ಮಜ್ಜಿಗೆ ಹಾಕಿ ಇಟ್ಟ ಹಿಟ್ಟನ್ನು ಪರಾತದಲ್ಲಿ ನಾದಿ ಬಡಿಯಲು ಕೂತಳು. ಅಂಗೈ ಅಗಲವಾಗುವಷ್ಟರಲ್ಲಿ ಅಂಚು ಸೀಳಿತು. ಇನ್ನೊಂದು ಬಡಿದಳು, ಅದು ನಡುವೆಯೇ ಹರಿಯಿತು. ಹುಳಿ ಹಿಟ್ಟಿನ ಜಿಗುಟನ್ನೇ ತಿಂದುಹಾಕಿತ್ತು.

“ಇದು ರೊಟ್ಟಿ ಅಲ್ಲವಾ, ಹರಕ ಚಾದರ” ಎಂದು ಗೌರವ್ವ ಕೈ ಕೊಡವಿದಳು.

ನಾರ್ವೆಯಲ್ಲಿ ಮಾತ್ರ ಇದೇ ದಾರಿ ಹಿಡಿಯಿತು. ಅಲ್ಲಿ ಕೈಯಿಂದ ಬಡಿಯುವುದಿಲ್ಲ, ಕೋಲಿನಿಂದ ಲಟ್ಟಿಸುತ್ತಾರೆ. ಹುಳಿ ಹಾಲಿನಲ್ಲಿ ಕಲಸಿಟ್ಟ ಹಿಟ್ಟು ಹರಿಯದೆ ಹರಡಿತು ಎಂದು ಸುನ್ನಿವಾ ನಾಲ್ಕನೇ ದಿನ ತಿಳಿಸಿದಳು. “ಗೆಲುವು ಸಾಧಿಸಲಾಗಿದೆ” ಎಂದು ಯಂತ್ರ ಘೋಷಿಸಿತು.

ವಿಜಯಪುರಕ್ಕೆ ಉಳಿದದ್ದು ಸುಣ್ಣ. ಎಲೆಯಡಿಕೆಗೆ ಹಚ್ಚುವ ತಿನ್ನುವ ಸುಣ್ಣವನ್ನು ನೀರಿಗೆ ಹಾಕಿ, ತಿಳಿ ಬಸಿದು, ಅದರಲ್ಲಿ ಕಾಳು ಒಂದು ಕುದಿ ಕುದಿಸಿ ಅರ್ಧ ದಿನ ನೆನೆಯಲು ಬಿಟ್ಟರು. ತೊಳೆದು ಶ್ರೀಶೈಲನ ಗಿರಣಿಗೆ ಒಯ್ದರೆ, ಒದ್ದೆ ಕಾಳು ಕಲ್ಲಿಗೆ ಮೆತ್ತಿ ಗಿರಣಿಯೇ ನಿಂತಿತು. ಶ್ರೀಶೈಲ ಒಂದು ದಿನವಿಡೀ ಕಲ್ಲು ಕೆರೆದ. “ನಿನ್ನ ವಿಜ್ಞಾನ ನನ್ನ ಹೊಟ್ಟಿ ಮ್ಯಾಲ ಹೊಡೀತು ನೋಡು” ಎಂದು ಗೊಣಗಿದವನು, ಮರುದಿನ ತಾನೇ ಮಾಳಿಗೆಯ ಮೇಲೆ ಚಾಪೆ ಹಾಸಿ ಕಾಳು ಹರವಿದ. ಎರಡು ಬಿಸಿಲು ಒಣಗಿಸಿ ಬೀಸಿದರೆ ಹಿಟ್ಟು ನಸುಹಳದಿಯಾಗಿ ನುಣ್ಣಗೆ ಬಂತು.

ಸುಣ್ಣ ಮೊದಲ ಸಲ ಹೆಚ್ಚಾಗಿ ನಾಲಿಗೆ ಸುಟ್ಟಿತು. ಎರಡನೆಯ ಸಲ ಕಡಿಮೆಯಾಗಿ ಗಾಜಿನ ಹೊಟ್ಟೆ ಮೂವತ್ತನ್ನಷ್ಟೇ ತೋರಿಸಿತು. ಮೂರನೆಯ ಸಲದ ಹಿಟ್ಟಿಗೆ ಗೌರವ್ವ ಎಸರು ಹಾಕಿ ನಾದಿದಳು. ಬಡಿಯತೊಡಗಿದಳು. ರೊಟ್ಟಿ ಪರಾತದಲ್ಲಿ ತಿರುಗುತ್ತ ತಿರುಗುತ್ತ ಅಗಲವಾಯಿತು, ಹರಿಯಲಿಲ್ಲ. ಹಂಚಿನ ಮೇಲೆ ಉಬ್ಬಿತು ಕೂಡ.

ಕಸ್ತೂರಿ ಬಾಗಿಲಿಗೆ ಒರಗಿ ನಿಂತಿದ್ದವಳು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಅವಳ ಮುಖವನ್ನೇ ನೋಡಿದರು.

“ವಾಸನಿ ಬ್ಯಾರೆ ಐತಿ” ಎಂದಳು. ಅಗಿದಳು. “ನಮ್ಮ ರೊಟ್ಟಿ ಅಲ್ಲ ಇದು.” ಇನ್ನೊಂದು ತುಂಡು ಮುರಿದಳು. “ಆದ್ರೂ ರೊಟ್ಟಿನ.”

ಅಷ್ಟು ಸಾಕಾಗಿತ್ತು; ಗಾಜಿನ ಹೊಟ್ಟೆಯ ಅಂಕಿಯೂ ಎಂಬತ್ತು ದಾಟಿತು. ಆ ತಿಂಗಳಿಂದ ಊರೂರಿನ ಗಿರಣಿಗಳ ಮುಂದೆ ಸುಣ್ಣದ ನೀರಿನ ಡ್ರಮ್ಮುಗಳು ಕೂತವು, ಮಾಳಿಗೆಗಳ ಮೇಲೆ ಕಾಳು ಒಣಗಿತು. ಬೈದವರೂ ಇದ್ದರು. ಸುಣ್ಣದ ವಾಸನೆಗೆ ಹೇಸಿ ಅಂಬಲಿಗೇ ಒಗ್ಗಿಕೊಂಡವರೂ ಇದ್ದರು. ಆರು ವಾರದಲ್ಲಿ ಕಸ್ತೂರಿಯ ಬಾಯಿಯ ಕಲೆ ಮಾಯಿತು. ಮೂರು ತಿಂಗಳಿಗೆ ಕಿವಿಯ ಹಿಂದೆ ಮರಿಗೂದಲು ಚಿಗುರಿತು. ಮತ್ತೆ ಸೈಕಲ್ ಹತ್ತಿದ ಮೊದಲ ದಿನ ಎಂಟು ಕಿಲೋಮೀಟರ್ ಹೋಗಿ ಅಳುತ್ತ ಬಂದಳು; ಹಿಂದಿನ ವೇಗ ಸಿಗಲಿಲ್ಲವೆಂದು. ಮಾರನೇ ದಿನ ಮತ್ತೆ ಹೋದಳು. ಪರದೆಯ ಮೇಲಿನ ಎರಡು ಕಲೆಗಳೂ ವಾರವಾರಕ್ಕೆ ತೆಳುವಾದವು.

ಮಂಡಳಿ ತನ್ನ ಪರೀಕ್ಷೆಯ ಕ್ರಮವನ್ನು ಬದಲಿಸಿತು. ಇನ್ನು ಮುಂದೆ ಹೊಸ ತಳಿಯನ್ನು ಪ್ರಯೋಗಾಲಯದ ಕೊಳವೆಗಳ ಜೊತೆಗೆ ನಲವತ್ತೊಂದು ನಾಡುಗಳ ಅಡುಗೆಮನೆಗಳಲ್ಲೂ ನೋಡಬೇಕು. ಅಲ್ಲಿನ ಅಡುಗೆಯವರು ತಮ್ಮ ರೀತಿಯಲ್ಲೇ ಮಾಡಿ, ಆರು ತಿಂಗಳು ಉಂಡು ಹೇಳಬೇಕು. ವಿಜಯಪುರದ ಅಡುಗೆಯವರ ಹೆಸರು ಕೇಳಿದಾಗ ಮಿರ್ಜಿಯವರು ಯಾರನ್ನೂ ಕೇಳದೆ ಗೌರವ್ವ ಬಿರಾದಾರ ಎಂದು ಬರೆದು ಕಳಿಸಿದರು.

ಎಂಟನೇ ತಳಿ ಬಂದದ್ದು ಎರಡು ವರ್ಷದ ನಂತರ. ಅದಕ್ಕೆ ಕಾವಲು ಪ್ರೋಟೀನು ಇರಲಿಲ್ಲ, ಸುಣ್ಣವೂ ಬೇಕಿರಲಿಲ್ಲ. ಗಾಜಿನ ಹೊಟ್ಟೆ ತೊಂಬತ್ತಾರು ತೋರಿಸಿತ್ತು. ಕೇಂದ್ರದ ಎಲ್ಲರಿಗೂ ಅದು ಗೆದ್ದಂತೆಯೇ. ಆರು ತಿಂಗಳು ಮುಗಿದ ದಿನ ಮಿರ್ಜಿಯವರು ಮಹಾನಂದಾಳ ಜೊತೆ ಮನೆಗೇ ಬಂದರು, ವರದಿಯ ಹಾಳೆ ಕೈಯಲ್ಲಿ ಹಿಡಿದು.

ಗೌರವ್ವ ಕೊನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕಿದಳು. “ರೊಟ್ಟಿ ಚಂದ ಏಳತಾವ. ಹಾಲಾಗ ನೆನಸಿ ತಿಂದೆ, ರುಚೀನೂ ಐತಿ” ಎಂದಳು.

ಮಿರ್ಜಿಯವರ ಮುಖ ಅರಳಿತು. “ಹಾಗಾದ್ರೆ...”

“ತಡೀರಿ. ಮಧ್ಯಾನಕ್ಕ ಉಂಡು ಹೊಲಕ್ಕ ಹೋದವ್ರು ಮೂರಕ್ಕ ಹಸದು ಬರ್ತಾರ. ಓಣ್ಯಾಗ ಹನ್ನೆರಡ ಮನಿಗೆ ಕೊಟ್ಟು ನೋಡೇನಿ, ಎಲ್ಲಾರೂ ಅದ ಹೇಳ್ತಾರ. ಹೊಟ್ಯಾಗ ನಿಲ್ಲಂಗಿಲ್ಲ ಇದು. ಕುಂತು ಉಣ್ಣಾವ್ರಿಗೆ ಆದೀತು, ದುಡ್ಯಾವ್ರಿಗೆ ಆಗಂಗಿಲ್ಲ.”

“ಒಂಬತ್ತು ದೇಶದ ವಿಜ್ಞಾನಿಗಳು ಎರಡು ವರ್ಷ ದುಡಿದಿದ್ದಾರಮ್ಮ ಇದಕ್ಕೆ.”

“ಹೌದ್ರಿ, ದುಡದಿರ್ಬೇಕು. ಅವ್ರೂ ಒಂದ್ ದಿನಾ ಇದನ್ನ ಉಂಡು ದುಡೀಲಿ, ಗೊತ್ತಾಕ್ಕೈತಿ.”

ಮಿರ್ಜಿಯವರು ಮಹಾನಂದಾಳ ಕಡೆ ನೋಡಿದರು. ಅವಳು ಗೌರವ್ವನ ಕಡೆ ಕೈ ತೋರಿಸಿದಳು. ಹೇಳುವ ಹಕ್ಕು ಅತ್ತೆಯದಾಗಿತ್ತು. ಮಿರ್ಜಿಯವರು ಜೇಬಿನಿಂದ ಪೆನ್ನು ತೆಗೆದು, ವಿಜಯಪುರದ ಎದುರು ‘ಬೇಡ’ ಎಂದು ಬರೆದರು. ಹಾಳೆಯನ್ನು ಸಹಿಗೆ ಮುಂದೆ ಚಾಚಿದರು.

“ಹಿಟ್ಟಿನ ಕೈ ಐತ್ರಿ, ತೊಳಕೊಂಡು ಬರ್ತೀನಿ” ಎಂದು ಗೌರವ್ವ ಎದ್ದು ಬಚ್ಚಲಿನ ಕಡೆ ನಡೆದಳು. ಮಿರ್ಜಿಯವರು ಪೆನ್ನಿನ ಮುಚ್ಚಳ ತೆಗೆದಂತೆಯೇ ಹಿಡಿದು ಕಾಯುತ್ತ ನಿಂತರು.